ಜೋರಾಗಿ ಮೀಟಿದರೆ ಫಿಲ್ಟರ್ ಪೂರ್ತಿ ತೆರೆಯುತ್ತದೆ, ಮೆಲ್ಲಗೆ ಮೀಟಿದರೆ ಅಲುಗುವುದೇ ಇಲ್ಲ. ಪೆಡಲ್ ಮತ್ತು ಸಿವಿ (ಕಂಟ್ರೋಲ್ ವೋಲ್ಟೇಜ್) ಬಳಸಿ ಸರಿಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ತೀರ್ಥಹಳ್ಳಿಯಲ್ಲಿ ಬೇಸ್ ಗಿಟಾರ್ ನುಡಿಸುತ್ತೀರಿ. ನಿಮ್ಮ ಹತ್ತಿರ ಮೂಗರ್‌ಫೂಗರ್ ಎಂಎಫ್-101 ಫಿಲ್ಟರ್ ಪೆಡಲ್ (ಕಟ್‌ಆಫ್ ಅನ್ನುವ ಮಿತಿಗಿಂತ ಮೇಲಿನ ಚೂಪು ಸದ್ದನ್ನು ತಡೆಯುವಂಥದ್ದು) ಇದೆ, ಜೊತೆಗೆ ಜೋರು ಮೆಲುವಿನ ಅಂತರ ತಗ್ಗಿಸುವ ಒಂದು ಕಂಪ್ರೆಸರ್, ಸದ್ದನ್ನು ಒರಟಾಗಿಸುವ ಒಂದು ಫಜ್. ಜೋರಾಗಿ ಮೀಟಿದರೆ ಫಿಲ್ಟರ್ ಒಂದೇ ಏಟಿಗೆ ತೆರೆದುಕೊಳ್ಳುತ್ತದೆ, ಮೆಲ್ಲಗೆ ಮೀಟಿದರೆ ಏನೂ ಆಗುವುದಿಲ್ಲ. ಫಿಲ್ಟರಿಗಿಂತ ಮೊದಲು ಫಜ್ ಹಾಕಿದರೆ 'ವಾವ್' ಅನ್ನುವ ಸದ್ದೇ ಹೋಗಿಬಿಡುತ್ತದೆ. ಫಿಲ್ಟರ್ ನಿಧಾನವಾಗಿ ತೆರೆದು ನಿಧಾನವಾಗಿ ಮುಚ್ಚಬೇಕು, ಹಿಂದಿನ ಸಿವಿ ಜ್ಯಾಕ್‌ಗಳನ್ನು ಅದಕ್ಕೆ ಹೇಗೆ ಬಳಸುವುದು ಅಂತ ಕೇಳಿದ್ದೀರಿ.

ನಾನು ಸಾಗರದವನು. ಬೇಸ್ ನುಡಿಸುತ್ತೇನೆ, ಪೆಡಲ್‌ಗಳನ್ನೂ ಕಟ್ಟುತ್ತೇನೆ. ಈ ಪೆಡಲ್ ಒಳಗೆ ಎರಡು ದಾರಿ ಇವೆ ಅನ್ನುವುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಸದ್ದು ಹೋಗುವ ದಾರಿ ಒಂದು. ಫಿಲ್ಟರನ್ನು ಆಡಿಸುವ ವೋಲ್ಟೇಜ್ ಹೋಗುವ ದಾರಿ ಇನ್ನೊಂದು. ನಾವು ಹೆಚ್ಚಿನವರು ಸದ್ದಿನ ದಾರಿಯಲ್ಲೇ ಪೆಡಲ್ ಮೇಲೆ ಪೆಡಲ್ ಸೇರಿಸುತ್ತಾ ಹೋಗುತ್ತೇವೆ. ನಿಮ್ಮ ತೊಂದರೆಯಲ್ಲಿ ಮುಕ್ಕಾಲು ಪಾಲು ವೋಲ್ಟೇಜಿನ ದಾರಿಯಲ್ಲಿ ಸರಿಹೋಗುವಂಥದ್ದು.

ಆ ವೋಲ್ಟೇಜ್ ಹುಟ್ಟಿಸುವುದು ಎನ್ವಲಪ್ ಫಾಲೋಯರ್, ಅಂದರೆ ಮೀಟಿನ ಜೋರನ್ನು ಹಿಂಬಾಲಿಸುವ ಸರ್ಕ್ಯೂಟ್. ಅದು ಮಾಡುವ ಕೆಲಸ ಸರಳ. ಬೇಸಿನ ಸಿಗ್ನಲ್ ಮೇಲೆ ಕೆಳಗೆ ಓಲಾಡುತ್ತಿರುತ್ತದೆ. ರೆಕ್ಟಿಫೈಯರ್ ಅದನ್ನು ಒಂದೇ ಕಡೆಗೆ ತರುತ್ತದೆ. ಆಮೇಲೆ ಅದು ಒಂದು ಕೆಪಾಸಿಟರನ್ನು ತುಂಬುತ್ತದೆ, ಆ ಕೆಪಾಸಿಟರ್ ಪಕ್ಕದ ರೆಸಿಸ್ಟರ್ ಮೂಲಕ ಖಾಲಿಯಾಗುತ್ತಿರುತ್ತದೆ. ಮಳೆಗಾಲದಲ್ಲಿ ಸೂರಿನ ನೀರಿಗೆ ಇಟ್ಟ ಹಂಡೆಯ ಬುಡದಲ್ಲಿ ಸಣ್ಣ ತೂತು ಇದ್ದ ಹಾಗೆ: ಮಳೆ ಹೊಯ್ದಾಗ ಬೇಗ ತುಂಬುತ್ತದೆ, ನಿಂತ ಮೇಲೆ ನಿಧಾನಕ್ಕೆ ಇಳಿಯುತ್ತದೆ. ಕೆಪಾಸಿಟರಿನಲ್ಲಿ ಆ ಹೊತ್ತಿಗೆ ಎಷ್ಟು ವೋಲ್ಟ್ ಇದೆಯೋ ಅದಕ್ಕೆ ತಕ್ಕಂತೆ ಕಟ್‌ಆಫ್ ಏರುತ್ತದೆ, ಇಳಿಯುತ್ತದೆ.

ಇಳಿಯುವ ಸಮಯ ಬೇಕೆಂದರೆ ರೆಸಿಸ್ಟರನ್ನು ಕೆಪಾಸಿಟರಿನಿಂದ ಗುಣಿಸಿದರೆ ಆಯಿತು. 22 ಕಿಲೋಓಮ್ ಮತ್ತು 10 ಮೈಕ್ರೋಫ್ಯಾರಡ್ ಅಂದರೆ 0.22 ಸೆಕೆಂಡ್. ಅಷ್ಟು ಹೊತ್ತಿನಲ್ಲಿ ವೋಲ್ಟೇಜ್ ಸುಮಾರು 37 ಪರ್ಸೆಂಟಿಗೆ ಬಂದಿರುತ್ತದೆ. ಗಿಟಾರಿನವರಿಗೆ ಇಲ್ಲದ ಒಂದು ಕಷ್ಟ ಬೇಸಿನವರಿಗೆ ಇಲ್ಲಿದೆ. ನಮ್ಮ ದಪ್ಪ ಇ ತಂತಿ 41 ಹರ್ಟ್ಜ್, ಅಂದರೆ ಒಂದು ಅಲೆಗೆ ಸುಮಾರು 24 ಮಿಲಿಸೆಕೆಂಡ್. ಇಳಿಯುವ ಸಮಯ ಇದರ ಹತ್ತಿರ ಬಂದರೆ ವೋಲ್ಟೇಜ್ ಒಂದೊಂದು ಅಲೆಯ ಜೊತೆಗೂ ಕುಣಿಯಲು ಶುರುಮಾಡುತ್ತದೆ. ಆಗ ಕೇಳುವುದು ವಾವ್ ಅಲ್ಲ, ಬರೀ ಗೊರಗೊರ. ಹಾಗಾಗಿ ಬೇಸಿಗೆ ಎಂಎಫ್-101ರ ಸ್ವಿಚ್ 'ಫಾಸ್ಟ್' ಕಡೆ ಬೇಡ, 'ಸ್ಮೂತ್' ಕಡೆ ಇಟ್ಟೇ ಶುರುಮಾಡಿ.

1972ರಲ್ಲಿ ಮ್ಯೂಸಿಟ್ರಾನಿಕ್ಸ್ ಕಂಪನಿಗಾಗಿ ಮೈಕ್ ಬೈಗಲ್ ಮಾಡಿದ ಮ್ಯೂಟ್ರಾನ್ III ಅನ್ನುವ ಫಿಲ್ಟರ್ ಪೆಡಲ್ ಇಂದಿಗೂ ಇಷ್ಟು ಹಿತವಾಗಿ ಕೇಳುವುದಕ್ಕೂ ಇದೇ ಕಾರಣ. ಅದರಲ್ಲಿ ಫಿಲ್ಟರನ್ನು ಆಡಿಸುವುದು ಒಂದು ದೀಪ ಮತ್ತು ಬೆಳಕಿಗೆ ಬದಲಾಗುವ ರೆಸಿಸ್ಟರ್. ಆ ರೆಸಿಸ್ಟರ್ ತಾನಾಗಿಯೇ ನಿಧಾನಸ್ಥ. ಬೆಳಕು ಆರಿದರೂ ತಕ್ಷಣ ಹಿಂದಿನ ಸ್ಥಿತಿಗೆ ಬರುವುದಿಲ್ಲ. ಅಮೆರಿಕದ ಫಂಕ್ ಸಂಗೀತಗಾರ ಬೂಟ್ಸಿ ಕಾಲಿನ್ಸ್ ಅವರ ಬೇಸಿನಲ್ಲಿ ಕೇಳುವ ಆ ದುಂಡಗಿನ ಬಾಲ ಅಲ್ಲಿಂದ ಬಂದದ್ದು. ನೀವು ಬಯಸುತ್ತಿರುವುದೂ ಅದನ್ನೇ ಅಂತ ನನಗನ್ನಿಸುತ್ತದೆ.

ಈಗ ಕೈಯಲ್ಲಿರುವ ಸಾಮಾನಿನಿಂದಲೇ ಆಗುವ ಕೆಲಸ. ಮೊದಲು ಅತಿ ಮೆಲ್ಲಗೆ ಮೀಟಿ. ಎನ್ವಲಪ್ ಎಲ್‌ಇಡಿ ಸ್ವಲ್ಪ ಮಿನುಗುವವರೆಗೆ 'ಡ್ರೈವ್' (ಒಳಬರುವ ಸಿಗ್ನಲಿನ ಮಟ್ಟ) ಏರಿಸಿ. ಆಮೇಲೆ ಜೋರಾಗಿ ಮೀಟಿ, ಫಿಲ್ಟರ್ ಜಾಸ್ತಿ ತೆರೆಯದ ಹಾಗೆ 'ಅಮೌಂಟ್' ಇಳಿಸಿ. ಇದರಿಂದಲೇ ಅರ್ಧ ನೆಮ್ಮದಿ ಸಿಗುತ್ತದೆ. ಉಳಿದದ್ದು ಕಂಪ್ರೆಸರಿನ ಕೆಲಸ. ನಿಮ್ಮ ಜೋರು ಮತ್ತು ಮೆಲು ಮೀಟಿನ ನಡುವೆ 12 ಡೆಸಿಬಲ್ ಅಂತರ ಇದೆ ಅಂದುಕೊಳ್ಳಿ. ಫಿಲ್ಟರಿಗೆ ಮೊದಲು 2:1 ಕಂಪ್ರೆಸರ್ ಇಟ್ಟರೆ ಅದು 6ಕ್ಕೆ ಬರುತ್ತದೆ. 4:1 ಇಟ್ಟರೆ 3ಕ್ಕೆ, ಅಷ್ಟು ಬೇಡ. ಆಗ ಬೆರಳಿನ ಮಾತೇ ನಡೆಯುವುದಿಲ್ಲ. ಕಂಪ್ರೆಸರಿನ ಅಟ್ಯಾಕ್ (ಅದು ಎಷ್ಟು ಬೇಗ ಹಿಡಿಯುತ್ತದೆ ಅನ್ನುವುದು) ಬೇಗ ಇರಲಿ. ನಿಧಾನ ಇದ್ದರೆ ಮೀಟಿನ ಮೊದಲ ಪೆಟ್ಟು ಹಾಗೇ ನುಸುಳಿಕೊಂಡು ಹೋಗಿ ಫಿಲ್ಟರನ್ನು ಫಟ್ ಅಂತ ತೆರೆಸುತ್ತದೆ.

ಫಜ್ ಹಾಕಿದಾಗ ವಾವ್ ಯಾಕೆ ಹೋಗುತ್ತದೆ ಅನ್ನುವುದು ಈಗ ಗೊತ್ತಾಗುತ್ತದೆ ಅಲ್ವಾ? ಫಜ್ ಅಲೆಯ ತಲೆಯನ್ನು ಕತ್ತರಿಸುತ್ತದೆ. ಜೋರು ಮೆಲು ಎಲ್ಲ ಒಂದೇ ಎತ್ತರ. ಫಾಲೋಯರಿಗೆ ಏರಿಳಿತವೇ ಕಾಣುವುದಿಲ್ಲ. ಆದರೆ ಫಿಲ್ಟರಿಗೆ ಕೊರೆಯಲು ಬೇಕಾದ ಹಾರ್ಮೋನಿಕ್ಸ್ (ಮೂಲ ಸ್ವರದ ಮೇಲೆ ಏಳುವ ಸ್ವರಗಳು) ತುಂಬಿರುವುದು ಆ ಫಜ್ ಸದ್ದಿನಲ್ಲೇ. ಆದ್ದರಿಂದ ಸದ್ದು ಫಜ್ ಮೂಲಕ ಬರಲಿ, ವೋಲ್ಟೇಜ್ ಮಾತ್ರ ಶುದ್ಧ ಬೇಸಿನಿಂದ ಹುಟ್ಟಲಿ. ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಕ್ಯೂಟ್ರಾನ್ ಪ್ಲಸ್‌ನಲ್ಲಿ ಇದಕ್ಕೆಂದೇ ಒಂದು ಲೂಪ್ (ಫಜ್ ಥರದ ಹೊರಗಿನ ಪೆಡಲ್ ಜೋಡಿಸುವ ಜಾಗ) ಇದೆ. ನಿಮ್ಮ ಪೆಡಲ್‌ನಲ್ಲಿ ಸಿವಿ ಜ್ಯಾಕ್ ಇರುವುದರಿಂದ ಅದಕ್ಕಿಂತ ಹೆಚ್ಚು ಮಾಡಬಹುದು.

ಮೊದಲು ಸುಲಭದ್ದು, ಫಜ್ ಇಲ್ಲದೆ. 'ಅಮೌಂಟ್' ಸೊನ್ನೆಗೆ ತನ್ನಿ. ಹಿಂದಿನ 'ಎನ್ವಲಪ್ ಔಟ್'ಗೆ ಮಲ್ಟಿಮೀಟರ್ ಹಿಡಿದು ಬೇಸ್ ಮೀಟಿ, ವೋಲ್ಟೇಜ್ ಏರಿ ಇಳಿಯುವುದನ್ನು ನೋಡಿ. ಆ ವೋಲ್ಟೇಜನ್ನು 10 ಕಿಲೋಓಮ್ ರೆಸಿಸ್ಟರ್ ಮೂಲಕ ಹಾಯಿಸಿ, ಅಲ್ಲಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಹಾಕಿ, 'ಕಟ್‌ಆಫ್' ಜ್ಯಾಕಿಗೆ ಕೊಡಿ. 0.1 ಸೆಕೆಂಡಿನ ಮೆತ್ತನೆಯ ಏರಿಳಿತ ಸಿಗುತ್ತದೆ. 47 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು ಅರ್ಧ ಸೆಕೆಂಡ್. ಬೇಸಿನ ಸದ್ದು ತಕ್ಷಣ ಬರುತ್ತದೆ, ಫಿಲ್ಟರ್ ಮಾತ್ರ ಹಿಂದಿನಿಂದ ನಿಧಾನಕ್ಕೆ ಅರಳುತ್ತದೆ. ಸದ್ದಿನ ದಾರಿಯಲ್ಲಿ ವಾಲ್ಯೂಮ್ ಏರಿಸುವ ಪೆಡಲ್ ಇಟ್ಟರೆ ಈ ಗುಣ ಬರುವುದಿಲ್ಲ, ಅಲ್ಲಿ ಮೀಟಿನ ಪೆಟ್ಟೇ ಸತ್ತುಹೋಗುತ್ತದೆ.

ಇದು ಇಷ್ಟವಾದರೆ ಸ್ವಂತ ಫಾಲೋಯರ್ ಡಬ್ಬಿ ಕಟ್ಟಿ. ಫಜ್‌ಗೆ ಹೋಗುವ ಮೊದಲೇ ಬೇಸನ್ನು ಎರಡು ಕವಲು ಮಾಡಿ ಒಂದನ್ನು ಈ ಡಬ್ಬಿಗೆ ಕೊಟ್ಟು, ಇದರ ವೋಲ್ಟೇಜನ್ನು 'ಕಟ್‌ಆಫ್' ಜ್ಯಾಕಿಗೆ ಕೊಡಿ. ನನ್ನ ಆಯ್ಕೆ ಎಲ್‌ಎಂ358 ಐಸಿ, ಒಳಗೆ ಎರಡು ಆಂಪ್ಲಿಫೈಯರ್ ಇರುವಂಥದ್ದು. ಟಿಎಲ್072 ಆಡಿಯೋಗೆ ಒಳ್ಳೆಯದು, ಆದರೆ 9 ವೋಲ್ಟಿನ ಒಂದೇ ಸಪ್ಲೈ ಮೇಲೆ ಅದರ ಔಟ್‌ಪುಟ್ ಸೊನ್ನೆಯ ಹತ್ತಿರ ಇಳಿಯುವುದಿಲ್ಲ. 358 ಇಳಿಯುತ್ತದೆ. ನೆಗೆಟಿವ್ ಸಪ್ಲೈ ಇಲ್ಲದಿರುವುದರಿಂದ ಸಿಗ್ನಲಿನ ಕೆಳಗಿನ ಅರ್ಧ ತಾನಾಗಿ ಕತ್ತರಿಸಿಹೋಗುತ್ತದೆ. ಅಂದರೆ ಆಂಪ್ಲಿಫೈಯರೇ ರೆಕ್ಟಿಫೈಯರ್ ಕೆಲಸವನ್ನೂ ಮಾಡಿಬಿಡುತ್ತದೆ. ಇನ್‌ಪುಟ್ಟಿಗೆ 100 ಕಿಲೋಓಮ್ ಸರಣಿಯಲ್ಲಿ ಇರಲಿ. ಐಸಿಯ ಮೊದಲ ಅರ್ಧ ಸಿಗ್ನಲನ್ನು ಸುಮಾರು 20 ಪಟ್ಟು ದೊಡ್ಡದು ಮಾಡಲಿ. ಅಲ್ಲಿಂದ ಒಂದು 1ಎನ್4148 ಡಯೋಡ್, ಅಟ್ಯಾಕಿಗೆ (ಏರುವ ವೇಗಕ್ಕೆ) 10 ಕಿಲೋಓಮ್ ಪಾಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್), ಆಮೇಲೆ 10 ಮೈಕ್ರೋಫ್ಯಾರಡ್ ಗ್ರೌಂಡಿಗೆ. ಕೆಪಾಸಿಟರಿನ ಪಕ್ಕದಲ್ಲಿ ಇಳಿತಕ್ಕೆ 100 ಕಿಲೋಓಮ್ ಪಾಟ್, ಅದರ ಜೊತೆ ಸರಣಿಯಲ್ಲಿ 4.7 ಕಿಲೋಓಮ್. ಐಸಿಯ ಇನ್ನೊಂದು ಅರ್ಧ ಬಫರ್, ಅಂದರೆ ಕೆಪಾಸಿಟರನ್ನು ಖಾಲಿ ಮಾಡದೆ ವೋಲ್ಟೇಜನ್ನು ಮುಂದಕ್ಕೆ ಕೊಡುವಂಥದ್ದು. ಕೊನೆಗೆ 1 ಕಿಲೋಓಮ್, 5.1 ವೋಲ್ಟ್ ಝೀನರ್ (ವೋಲ್ಟೇಜ್ ಮಿತಿ ಮೀರದಂತೆ ತಡೆಯುವ ಡಯೋಡ್), ಮಟ್ಟ ಹೊಂದಿಸಲು ಒಂದು ಪಾಟ್. ಝೀನರ್ ಬಿಡಬೇಡಿ. 358 ಇಂಥ ಸಪ್ಲೈ ಮೇಲೆ 7 ವೋಲ್ಟಿಗೂ ಮೇಲೆ ಹೋಗಬಲ್ಲದು, ಪೆಡಲ್‌ಗಳ ಸಿವಿ ಜ್ಯಾಕಿಗೆ 5 ವೋಲ್ಟ್ ಸಾಕು.

ಡಯೋಡ್ ಸುಮಾರು 0.6 ವೋಲ್ಟ್ ತಿಂದುಹಾಕುತ್ತದೆ. ದೊಡ್ಡದು ಮಾಡಿದ ಮೇಲೂ ಅಷ್ಟಕ್ಕಿಂತ ಸಣ್ಣದಾಗಿರುವ ಮೀಟು ಫಿಲ್ಟರನ್ನು ಅಲುಗಿಸುವುದಿಲ್ಲ. ಅದು ಬೇಡದಿದ್ದರೆ ಕಡಿಮೆ ವೋಲ್ಟ್ ತಿನ್ನುವ ಶಾಟ್ಕಿ ಡಯೋಡ್ ಹಾಕಿ. ನಾನು ಮಾತ್ರ 4148 ಅನ್ನೇ ಉಳಿಸಿಕೊಂಡಿದ್ದೇನೆ, ಯಾಕೆಂದರೆ ತಂತಿ ಮುಟ್ಟಿದ ಸದ್ದು, ಬೆರಳು ಜಾರಿದ ಸದ್ದಿಗೆಲ್ಲ ಫಿಲ್ಟರ್ ಬಾಯಿ ಬಿಡುವುದು ನನಗೆ ಇಷ್ಟವಿಲ್ಲ. ಇನ್ನೊಂದು ಮಾತು: ಅಟ್ಯಾಕ್ ಪಾಟ್ ಏರಿಸಿದಾಗ ವೋಲ್ಟೇಜಿನ ಎತ್ತರವೂ ತಗ್ಗುತ್ತದೆ, ಗೇನ್ ಏರಿಸಿ ಸರಿದೂಗಿಸಿ.

ಎಲ್‌ಎಂ358, 4148 ಎರಡೂ ಶಿವಮೊಗ್ಗದಲ್ಲಿ ಟಿವಿ ರಿಪೇರಿ ಮಾಡುವವರ ಹತ್ತಿರವೇ ಸಿಗುವಂಥವು. ಒಳ್ಳೆಯ ಪಾಟ್, ಸ್ಟೀರಿಯೋ ಜ್ಯಾಕ್ ಬೇಕೆಂದರೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರ ಕೈಲಿ ತರಿಸಿ. ಕೇಬಲ್ ವಿಷಯದಲ್ಲಿ ಜೋಪಾನ. ಎಕ್ಸ್‌ಪ್ರೆಶನ್ ಪೆಡಲ್‌ಗೆಂದು (ಕಾಲಿನಿಂದ ಒತ್ತಿ ಫಿಲ್ಟರನ್ನು ಆಡಿಸುವಂಥದ್ದು) ಸಿವಿ ಜ್ಯಾಕಿನ ರಿಂಗಿನಲ್ಲಿ, ಅಂದರೆ ತುದಿಗೂ ಸ್ಲೀವಿಗೂ ನಡುವಿನ ಸಂಪರ್ಕದಲ್ಲಿ, ವೋಲ್ಟೇಜ್ ಇರುತ್ತದೆ. ಮಾಮೂಲಿ ಗಿಟಾರ್ ಕೇಬಲ್ ಚುಚ್ಚಿದರೆ ರಿಂಗ್ ಗ್ರೌಂಡಿಗೆ ಶಾರ್ಟ್ ಆಗುತ್ತದೆ. ಸ್ಟೀರಿಯೋ ಪ್ಲಗ್ ತೆಗೆದುಕೊಂಡು ತುದಿಗೆ ಸಿವಿ, ಸ್ಲೀವಿಗೆ ಗ್ರೌಂಡ್ ಬೆಸೆದು ರಿಂಗನ್ನು ಖಾಲಿ ಬಿಡಿ.

ನಮ್ಮ ಕಡೆ ಕರೆಂಟಿನ ಮಾತೂ ಹೇಳಲೇಬೇಕು. ಅಗ್ಗದ ಅಡಾಪ್ಟರಿನಲ್ಲಿ 100 ಹರ್ಟ್ಜ್ ರಿಪಲ್ (ಸಪ್ಲೈ ವೋಲ್ಟೇಜಿನ ಅಲುಗಾಟ) ಇದ್ದರೆ ಅದು ಸಿವಿ ಮೇಲೆ ಕೂತು ಫಿಲ್ಟರನ್ನು ನಡುಗಿಸುತ್ತದೆ. ಸದ್ದಿನಲ್ಲಿ ಹಮ್ ಕೇಳಿದರೆ ಕೇಬಲ್ ಹುಡುಕುತ್ತೇವೆ, ಸಿವಿಯಲ್ಲಿ ಬಂದರೆ ಪೆಡಲೇ ಕೆಟ್ಟಿದೆ ಅನ್ನಿಸುತ್ತದೆ. ಅನುಮಾನ ಬಂದರೆ ಫಾಲೋಯರ್ ಡಬ್ಬಿಯನ್ನು 9 ವೋಲ್ಟ್ ಬ್ಯಾಟರಿ ಮೇಲೆ ಓಡಿಸಿ ನೋಡಿ. ಆಷಾಢ, ಶ್ರಾವಣದ ತೇವಕ್ಕೆ ಪಾಟ್, ಜ್ಯಾಕ್ ಕಿಲುಬು ಹಿಡಿದರೂ ಹೀಗೇ ಕಟ್‌ಆಫ್ ಜಿಗಿಯುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಒಂದು ಡಬ್ಬಿ ಮನೆಯಲ್ಲಿರಲಿ.

ಡಬ್ಬಿ ಕಟ್ಟಿದ ಮೇಲೆ ಅದಕ್ಕೆ ಬೇಸನ್ನೇ ಕೊಡಬೇಕು ಅಂತಿಲ್ಲ. ನಾನು ಡೊಳ್ಳಿನ ಮೈಗೆ ಪೀಜೋ ಬಿಲ್ಲೆ ಅಂಟಿಸಿ ಕೊಡುತ್ತೇನೆ. ಬೇಸ್ ಒಂದೇ ಸ್ವರ ಹಿಡಿದು ನಿಂತಿರುತ್ತದೆ, ಡೊಳ್ಳಿನ ಪೆಟ್ಟು ಬಿದ್ದಂತೆಲ್ಲ ಫಿಲ್ಟರ್ ತೆರೆಯುತ್ತದೆ. ಎಂಥಾ ಚೆಂದ ಗೊತ್ತಾ! ಪೀಜೋ ಪೆಟ್ಟಿಗೆ ಹತ್ತಾರು ವೋಲ್ಟ್ ಹುಟ್ಟಿಸಬಲ್ಲದು, ಹಾಗಾಗಿ ಇನ್‌ಪುಟ್ಟಿನಲ್ಲಿ 1 ಮೆಗಾಓಮ್ ಲೋಡ್ ಮತ್ತು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ, ಸಮಾಂತರವಾಗಿ ಗ್ರೌಂಡಿಗೆ ಜೋಡಿಸಿದ ಎರಡು ಡಯೋಡ್ ಹಾಕಿ.

'ಎನ್ವಲಪ್ ಔಟ್'ನಲ್ಲಿ ಮೆಲ್ಲಗೆ ಮೀಟಿದಾಗ ಎಷ್ಟು, ಜೋರಾಗಿ ಮೀಟಿದಾಗ ಎಷ್ಟು ವೋಲ್ಟ್ ಬರುತ್ತದೆ ಅಂತ ಅಳೆದು ಕೆಳಗೆ ಬರೆಯಿರಿ. ನಿಮ್ಮ ಕೈಗೆ ಹೊಂದುವ ರೆಸಿಸ್ಟರ್, ಕೆಪಾಸಿಟರ್ ಅಳತೆಗಳನ್ನು ಲೆಕ್ಕ ಹಾಕಿ ಹೇಳುತ್ತೇನೆ.