13 ಟನ್ ತೂಕದ ಬಿಟಿಆರ್-80 ನೀರಿನಲ್ಲಿ ಮುಳುಗುವುದಿಲ್ಲ ಏಕೆ?

ಬಿಟಿಆರ್-80 ಎಂದರೆ ಸೈನಿಕರನ್ನು ಒಯ್ಯುವ, ಉಕ್ಕಿನ ಕವಚದ ಸೇನಾ ಗಾಡಿ. ಅದರ ಒಡಲು ದೋಣಿಯ ಹಾಗೆ ಟೊಳ್ಳು, ನೀರು ನುಗ್ಗದಂತೆ ಮುಚ್ಚಿದ್ದು. ಅದಕ್ಕೇ ತೇಲುತ್ತದೆ.

ಯಾವುದೇ ವಸ್ತು ತೇಲಬೇಕಾದರೆ ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸಬೇಕು. ಸೋವಿಯತ್ ಒಕ್ಕೂಟ 1980ರ ದಶಕದಲ್ಲಿ ತಯಾರಿಸಿದ ಈ ಎಂಟು ಚಕ್ರದ ಗಾಡಿಯ ತೂಕ ಸುಮಾರು 13.6 ಟನ್. ಒಂದು ಘನ ಮೀಟರ್ ನೀರಿನ ತೂಕ ಸುಮಾರು ಒಂದು ಟನ್, ಅಂದರೆ 13.6 ಘನ ಮೀಟರ್ ನೀರು ಸರಿದರೆ ಸಾಕು. ಸುಮಾರು 7.6 ಮೀಟರ್ ಉದ್ದ, 2.9 ಮೀಟರ್ ಅಗಲದ ಒಡಲು ಪೂರ್ತಿ ಮುಳುಗುವ ಮೊದಲೇ ಅಷ್ಟು ನೀರು ಸರಿದಿರುತ್ತದೆ. ಗಾಳಿ ತುಂಬಿದ ದಪ್ಪ ಟೈರುಗಳೂ ಸ್ವಲ್ಪ ನೆರವಾಗುತ್ತವೆ.

ನೀರಿಗಿಳಿಯುವ ಮೊದಲು ಚಾಲಕ ಮುಂದಿನ ಹಲಗೆಯನ್ನು ಎತ್ತುತ್ತಾನೆ. ಇಲ್ಲದಿದ್ದರೆ ಎದುರಲೆ ಗಾಡಿಯ ಮೂತಿಯ ಮೇಲೇ ಏರಿಬಿಡುತ್ತದೆ. ಒಳಗೆ ಜಿನುಗುವ ನೀರನ್ನು ಪಂಪು ಹೊರಹಾಕುತ್ತದೆ. ಮುಂದಕ್ಕೆ ತಳ್ಳುವುದು ಹಿಂದಿರುವ ವಾಟರ್ ಜೆಟ್: ನೀರನ್ನು ಎಳೆದು ಜೋರಾಗಿ ಹಿಂದಕ್ಕೆ ಚಿಮ್ಮುತ್ತದೆ. ವೇಗ ಗಂಟೆಗೆ ಸುಮಾರು 9 ಕಿ.ಮೀ. ಅಷ್ಟೇ. ರಸ್ತೆಯಲ್ಲಿ 80!

ತೇಲಬೇಕು ಅಂದ ಮೇಲೆ ಕವಚ ದಪ್ಪ ಇರುವಂತಿಲ್ಲ, ಅಲ್ವಾ? ರೈಫಲ್ ಗುಂಡು, ಶೆಲ್ ಚೂರುಗಳನ್ನು ತಡೆಯುತ್ತದೆ. ಟ್ಯಾಂಕಿನ ಎದುರು ಮಾತ್ರ ನಿಲ್ಲಲಾರದು.