ಗಾಣದ ಬಗ್ಗೆ ಬರೆದಿರಿ, ಗಸಿಯ ಬಗ್ಗೆ ಬರೆಯಲಿಲ್ಲ

ನಮಸ್ಕಾರ.

ಚಳ್ಳಕೆರೆಯಿಂದ ನೀವು ಕಳಿಸಿದ ಆರೂ ಬರಹಗಳನ್ನು ಓದಿದೆ. ನಿಮ್ಮ ಮರದ ಗಾಣದ ಅಂಗಡಿಯ ಬ್ಲಾಗಿಗೆಂದು ಬರೆದವು, ಮೂರು ತಿಂಗಳಾದರೂ ಓದುವವರಿಲ್ಲ, ನಮ್ಮ ಪತ್ರಿಕೆಯ ಸ್ವಂತ ಉದ್ಯೋಗದ ಪುಟದಲ್ಲಿ ಬಂದರೆ ನಾಲ್ಕು ಜನರ ಕಣ್ಣಿಗಾದರೂ ಬಿದ್ದಾವು ಎಂದು ಕೇಳಿದ್ದೀರಿ. ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ ಎಂದೂ ಬರೆದಿದ್ದೀರಿ. ನೇರವಾಗಿಯೇ ಹೇಳುತ್ತೇನೆ. ಈ ಆರರಲ್ಲಿ ಒಂದನ್ನೂ ನಾವು ಹಾಕುವುದಿಲ್ಲ. ಮೂರನೆಯದನ್ನಂತೂ ನಿಮ್ಮ ಬ್ಲಾಗಿನಿಂದಲೂ ಇವತ್ತೇ ತೆಗೆದುಬಿಡಿ.

ಆ ಮೂರನೆಯದರಿಂದಲೇ ಶುರು ಮಾಡುತ್ತೇನೆ. ‘ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ಗಾಣದ ಎಣ್ಣೆಯೇ ರಾಮಬಾಣ’ ಎಂದು ತಲೆಬರಹ ಕೊಟ್ಟಿದ್ದೀರಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ಜಾಹೀರಾತು ಎಂದರೆ ಪೇಪರಿನಲ್ಲಿ ಬರುವುದು, ಟಿವಿಯಲ್ಲಿ ಬರುವುದು ಮಾತ್ರವಲ್ಲ, ಇಂಟರ್ನೆಟ್ಟಿನಲ್ಲಿ ಹಾಕಿದ್ದೂ ಸೇರುತ್ತದೆ. ನಿಮ್ಮ ಬ್ಲಾಗ್ ಬರಹವೂ ಸೇರುತ್ತದೆ. ಆಹಾರ ಪದಾರ್ಥದಿಂದ ರೋಗ ವಾಸಿಯಾಗುತ್ತದೆ ಎಂದು ಹೇಳಿಕೊಂಡು ಮಾರುವುದಕ್ಕೆ 2018ರ ನಿಯಮಗಳಲ್ಲಿ ಅವಕಾಶವಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡವಿದೆ. ಒಂದು ಗಾಣದ ಅಂಗಡಿ ಅದನ್ನು ತಡೆದುಕೊಳ್ಳುತ್ತದೆಯೇ? ದಂಡಕ್ಕಿಂತ ನನಗೆ ಹೆದರಿಕೆಯಾದದ್ದು ಬೇರೆ ವಿಷಯಕ್ಕೆ. ಯಾರೋ ಒಬ್ಬ ಅಜ್ಜ ನಿಮ್ಮ ಮಾತು ನಂಬಿ ಮಾತ್ರೆ ಬಿಟ್ಟರೆ ಏನು ಗತಿ? ನೀವು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದೀರಿ, ಅದು ಗೊತ್ತಾಗುತ್ತದೆ. ಆದರೆ ನಿಮ್ಮ ಮನಸ್ಸು ಎಂಥದ್ದು ಎನ್ನುವುದು ಆ ಅಜ್ಜನಿಗೆ ಗೊತ್ತಿರುವುದಿಲ್ಲ, ಅವರ ಮುಂದೆ ಇರುವುದು ನಿಮ್ಮ ವಾಕ್ಯ ಮಾತ್ರ.

ಅದೇ ಬರಹದಲ್ಲಿ ‘ನಮ್ಮ ಎಣ್ಣೆಯಲ್ಲಿ ಕೊಲೆಸ್ಟರಾಲ್ ಇಲ್ಲ’ ಎಂದು ದಪ್ಪಕ್ಷರದಲ್ಲಿ ಹಾಕಿದ್ದೀರಿ. ಇಲ್ಲ ನಿಜ. ಗಿಡದಿಂದ ಬರುವ ಯಾವ ಅಡುಗೆ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ. ನೀವು ಬೈಯುವ ರಿಫೈಂಡ್ ಪ್ಯಾಕೆಟ್ಟಿನಲ್ಲೂ ಇಲ್ಲ. ಎಲ್ಲರಲ್ಲೂ ಇರುವ ಗುಣವನ್ನು ನಿಮ್ಮ ವಿಶೇಷ ಎಂದು ಹೇಳಿಕೊಂಡರೆ, ತಿಳಿದ ಓದುಗ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಉಳಿದ ಐದರ ತೊಂದರೆ ಬೇರೆ. ನಾಲ್ಕು ಬರಹಗಳು ‘ಇಂದಿನ ಧಾವಂತದ ಬದುಕಿನಲ್ಲಿ’ ಎಂದೇ ಶುರುವಾಗುತ್ತವೆ. ಎರಡನೆಯ ಬರಹದಲ್ಲಿ ‘ಚಳ್ಳಕೆರೆಯ ಅತ್ಯುತ್ತಮ ಗಾಣದ ಎಣ್ಣೆ’ ಎಂಬ ಮಾತು ಹದಿನಾಲ್ಕು ಸಲ ಬಂದಿದೆ, ಎಣಿಸಿದೆ. ಹಾಗೆ ತುರುಕಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತದೆ ಎಂದು ನಿಮಗೆ ಯಾರೋ ಹೇಳಿರಬೇಕು. ಒಂದೇ ಪದವನ್ನು ಹೀಗೆ ತುಂಬುವುದನ್ನು ಗೂಗಲ್ ತನ್ನ ನಿಯಮಗಳಲ್ಲೇ ಸ್ಪ್ಯಾಮ್ ಎಂದು ಬರೆದಿಟ್ಟಿದೆ. ಇನ್ನು ಐದನೆಯದರಲ್ಲಿ, ಬಿಸಿ ಮಾಡದೆ ಹಿಂಡಿದ ಎಣ್ಣೆಗೆ ‘ಶೀತಲ ಸಂಪೀಡಿತ ತೈಲ’ ಎಂದು ಬರೆದಿದ್ದೀರಿ. ನಿಮ್ಮ ಅಂಗಡಿಗೆ ಬಂದು ಯಾರಾದರೂ ಒಂದು ಲೀಟರ್ ಶೀತಲ ಸಂಪೀಡಿತ ತೈಲ ಕೊಡಿ ಎಂದು ಕೇಳಿದ್ದಾರೆಯೇ? ನಿಮ್ಮ ಕಡೆಯವರು ಶೇಂಗಾ ಎಣ್ಣೆ ಎನ್ನುತ್ತಾರೆ, ಬೆಂಗಳೂರಿನವರು ಕಡಲೆಕಾಯಿ ಎಣ್ಣೆ ಎನ್ನುತ್ತಾರೆ. ಫೋನಿನಲ್ಲಿ ಹುಡುಕುವಾಗಲೂ ಅದೇ ಮಾತು. ಈ ಎರಡು ಪದಗಳು ನಿಮ್ಮ ಆರು ಬರಹಗಳಲ್ಲಿ ಸೇರಿ ಮೂರೇ ಮೂರು ಸಲ ಬಂದಿವೆ.

ಇದೆಲ್ಲ ತಿದ್ದಬಹುದಾದ್ದು. ತಿದ್ದಲಾಗದ್ದು ಒಂದಿದೆ: ಎಲ್ಲ ಬರಹಗಳಿಂದ ನಿಮ್ಮ ಅಂಗಡಿಯ ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕಿದರೆ ಏನೂ ವ್ಯತ್ಯಾಸವಾಗುವುದಿಲ್ಲ. ಒಂದು ಕಾಲಕ್ಕೆ ಎಣ್ಣೆ ಗಿರಣಿಗಳಿಂದಲೇ ಹೆಸರಾಗಿ, ಎರಡನೇ ಮುಂಬೈ ಎನಿಸಿಕೊಂಡ ಊರಿನಲ್ಲಿ ಕೂತು, ಎಲ್ಲೋ ಇರುವ ಯಾರೋ ಬರೆದಂತೆ ಬರೆದಿದ್ದೀರಿ.

ನೀವು ಬರಹಗಳ ಜೊತೆ ಒಂದು ಫೋಟೊ ಕಳಿಸಿದ್ದೀರಲ್ಲ, ಕೌಂಟರಿನ ಮೇಲೆ ಸಾಲಾಗಿ ಬಾಟಲಿಗಳಿರುವುದು? ಅದನ್ನು ದೊಡ್ಡದು ಮಾಡಿ ನೋಡಿದೆ. ಬಾಟಲಿಗಳ ಹಿಂದೆ ಗೋಡೆಗೆ ಒಂದು ರಟ್ಟು ಅಂಟಿಸಿದೆ. ನೀಲಿ ಸ್ಕೆಚ್ ಪೆನ್ನು, ಹಳೆಯ ಕಾಲದ ದುಂಡು ಅಕ್ಷರ, ನಿಮ್ಮ ತಂದೆಯವರದ್ದಿರಬೇಕು. ‘ತಳದಲ್ಲಿ ಗಸಿ ಇದ್ದರೆ ಎಣ್ಣೆ ಕೆಟ್ಟಿಲ್ಲ. ಎರಡು ದಿನ ಅಲುಗಿಸದೆ ಇಡಿ. ಮೇಲಿನದು ಬಗ್ಗಿಸಿಕೊಂಡು...’ ಮುಂದಿನದು ಬಾಟಲಿಯ ಹಿಂದೆ ಮರೆಯಾಗಿದೆ. ನೀವು ಕಳಿಸಿದ ಲಕೋಟೆಯಲ್ಲಿ ಅತ್ಯಂತ ಚೆನ್ನಾಗಿ ಬರೆದದ್ದು ಈ ಮೂರು ಸಾಲು.

ಯಾಕೆಂದರೆ ಇದು ಒಬ್ಬ ಗಿರಾಕಿ ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರ. ಒಬ್ಬರಲ್ಲ, ಹತ್ತಾರು ಜನ ಕೇಳಿರಬೇಕು. ಇಲ್ಲದಿದ್ದರೆ ಯಾರೂ ರಟ್ಟು ಕತ್ತರಿಸಿ ಬರೆದು ಅಂಟಿಸುವುದಿಲ್ಲ. ಪ್ಯಾಕೆಟ್ ಎಣ್ಣೆ ನೋಡಿ ಅಭ್ಯಾಸವಾದವರಿಗೆ ಬಾಟಲಿಯ ತಳದಲ್ಲಿ ಕೆಸರಿನಂತೆ ಕೂತದ್ದು ಕಂಡರೆ ಮೋಸ ಎನಿಸುತ್ತದೆ. ಗಾಣದ ಎಣ್ಣೆಯನ್ನು ರಿಫೈನ್ ಮಾಡುವುದಿಲ್ಲ, ಅಗಲ ಪಾತ್ರೆಯಲ್ಲಿ ಮೂರು ನಾಲ್ಕು ದಿನ ತಿಳಿಯಾಗಲು ಬಿಟ್ಟು ಮೇಲಿನದನ್ನು ತೆಗೆಯುತ್ತಾರೆ, ಆದರೂ ಬೀಜದ ನುಣ್ಣನೆಯ ಪುಡಿ ಒಂದಿಷ್ಟು ಉಳಿದು ಬಾಟಲಿಯಲ್ಲಿ ತಳ ಸೇರುತ್ತದೆ ಎಂದು ಯಾರಾದರೂ ಹೇಳಬೇಕಲ್ಲ? ಗಸಿ ಬಹಳ ಇದ್ದು, ಬಾಟಲಿ ತಿಂಗಳುಗಟ್ಟಲೆ ಬಿಸಿಲು ಬೀಳುವ ಕಡೆ ಕೂತರೆ ಎಣ್ಣೆ ಬೇಗ ಕಮಟು ಹಿಡಿಯುತ್ತದೆ ಎನ್ನುವುದನ್ನೂ ಹೇಳಬೇಕು. ನಿಮ್ಮಲ್ಲಿ ಎಷ್ಟು ದಿನ ತಿಳಿಯಾಗಿಸುತ್ತೀರಿ, ಸ್ಟೀಲ್ ಪಾತ್ರೆಯೋ ಬೇರೆಯೋ, ಮಳೆಗಾಲದಲ್ಲಿ ಹೆಚ್ಚು ದಿನ ಬೇಕಾಗುತ್ತದೆಯೋ? ಇದನ್ನು ನಾನು ಓದಬಯಸುತ್ತೇನೆ. ಗಿರಾಕಿಯ ಪ್ರಶ್ನೆ ದಿನವೂ ಅಂಗಡಿಯ ಮೆಟ್ಟಿಲು ಹತ್ತಿ ಬರುತ್ತಿದೆ, ನೀವು ಒಳಗೆ ಕೂತು ಧಾವಂತದ ಬದುಕಿನ ಬಗ್ಗೆ ಬರೆಯುತ್ತಿದ್ದೀರಿ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗಾಯಿತು.

ಇನ್ನೊಂದು ಸಂಗತಿ, ನನ್ನ ಪ್ರಕಾರ ಗಸಿಗಿಂತ ದೊಡ್ಡದು. ನಾಲ್ಕನೆಯ ಬರಹದ ಕೊನೆಯಲ್ಲಿ ಅರ್ಧ ವಾಕ್ಯ ಬರುತ್ತದೆ: ‘ಅಮ್ಮ ಆರಿಸಿಕೊಟ್ಟ ಬೀಜವನ್ನು ಗಾಣಕ್ಕೆ ಹಾಕುತ್ತೇವೆ’. ಅಷ್ಟೇ, ಮುಂದೆ ಹೋಗಿಬಿಟ್ಟಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು! ಶೇಂಗಾ ಸರಿಯಾಗಿ ಒಣಗದೆ ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ, ಆ ಬೂಷ್ಟಿನಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರವಿದ್ದರೆ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗಬಹುದು. ಅದು ಪಿತ್ತಜನಕಾಂಗಕ್ಕೆ ಕೇಡು. ದೊಡ್ಡ ಕಾರ್ಖಾನೆಯಲ್ಲಿ ಎಣ್ಣೆಯನ್ನು ಕ್ಷಾರ ಹಾಕಿ ಶುದ್ಧ ಮಾಡುವಾಗ ಈ ವಿಷ ಬಹುಪಾಲು ಹೋಗುತ್ತದೆ. ಗಾಣದಲ್ಲಿ ಆ ಹಂತವೇ ಇಲ್ಲ. ಹಾಗಾಗಿ ಗಾಣದ ಎಣ್ಣೆಯ ಒಳ್ಳೆಯತನವೆಲ್ಲ ಬೀಜ ಒಣಗಿಸುವವರ, ಆರಿಸುವವರ ಕೈಯಲ್ಲಿದೆ. ನಿಮ್ಮ ಅಮ್ಮ ಮೊರ ಹಿಡಿದು ಕೂತು ಮುರುಟಿದ ಬೀಜ, ಕಪ್ಪಾದ ಬೀಜ, ಹಸಿರು ಬೂಷ್ಟು ಕಂಡ ಬೀಜ ತೆಗೆದು ಆಚೆ ಹಾಕುತ್ತಾರಲ್ಲ, ಅದೇ ನಿಮ್ಮ ಅಂಗಡಿಯ ರಿಫೈನರಿ. ಒಂದು ಚೀಲಕ್ಕೆ ಎಷ್ಟು ಕಿಲೋ ಹೀಗೆ ಹೋಗುತ್ತದೆ? ಎಷ್ಟು ಹೊತ್ತು ಹಿಡಿಯುತ್ತದೆ? ಅವರಿಗೆ ಕೈಗೆ ಸಿಕ್ಕ ಕೂಡಲೇ ಗೊತ್ತಾಗುತ್ತದೆಯೇ, ಮುರಿದು ನೋಡಬೇಕೇ? ಅವರನ್ನೇ ಕೇಳಿ ಬರೆಯಿರಿ. ಹಾಗೇ ಯಾವುದಾದರೂ ಒಳ್ಳೆಯ ಲ್ಯಾಬಿನಲ್ಲಿ ಎಣ್ಣೆ ಪರೀಕ್ಷೆ ಮಾಡಿಸಿ, ಬಂದ ವರದಿಯನ್ನು ಇದ್ದಂತೆ ಹಾಕಿ. ಪೂರ್ವಜರ ಆರೋಗ್ಯ ರಹಸ್ಯ ಎಂಬ ಮಾತಿಗಿಂತ ಆ ಒಂದು ಹಾಳೆ ನನ್ನಂಥವರನ್ನು ಬೇಗ ಒಪ್ಪಿಸುತ್ತದೆ.

ಬೆಲೆಯ ವಿಷಯ. ‘ಬೆಲೆಗಾಗಿ ಕರೆ ಮಾಡಿ’ ಎಂದು ಎಲ್ಲ ಬರಹದ ಕೆಳಗೂ ಇದೆ. ಜನ ಕರೆ ಮಾಡುವುದಿಲ್ಲ, ದುಬಾರಿ ಇರಬೇಕು ಎಂದುಕೊಂಡು ಸುಮ್ಮನಾಗುತ್ತಾರೆ. ದುಬಾರಿ ಹೌದಲ್ಲ, ಯಾಕೆ ಎಂದು ಲೆಕ್ಕ ಬಿಚ್ಚಿಡಿ. ಒಂದು ಲೀಟರ್ ಗಾಣದ ಎಣ್ಣೆಗೆ ಸುಮಾರು 2.5 ಕಿಲೋ ಬೀಜ ಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಹಿಂಡಿಯಲ್ಲಿ ಉಳಿದ ಎಣ್ಣೆಯನ್ನೂ ಹೆಕ್ಸೇನ್ ಎಂಬ ದ್ರಾವಕದಿಂದ ತೆಗೆಯುತ್ತಾರೆ, ನಿಮ್ಮ ಹಿಂಡಿಯಲ್ಲಿ ಅದು ಹಾಗೇ ಉಳಿದು ದನಕ್ಕೆ ಹೋಗುತ್ತದೆ. ಬೀಜದ ಇವತ್ತಿನ ದರ, ಕೂಲಿ, ಕರೆಂಟು, ಬಾಟಲಿ ಇಷ್ಟು ಸೇರಿಸಿ, ಹಿಂಡಿ ಮಾರಿದ ದುಡ್ಡು ಕಳೆದು ತೋರಿಸಿ. ಓದಿದವರು ತಾವೇ ಕೂಡಿ ಕಳೆದು ನೋಡಲಿ. ಜೊತೆಗೆ ಒಂದು ಲೀಟರ್ ಶೇಂಗಾ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ ಎಂದೂ ಬರೆಯಿರಿ. ಮನೆಯಲ್ಲಿ ತೂಕ ಹಾಕಿ, ಒಂದು ಕಿಲೋ ಇಲ್ಲ ಎಂದು ನಿಮ್ಮನ್ನು ಅನುಮಾನಿಸಿದವರು ಇದ್ದೇ ಇರುತ್ತಾರೆ.

ಎತ್ತು ಕಟ್ಟಿದ ಗಾಣದ ಫೋಟೊವನ್ನು ಮುಖಪುಟದಲ್ಲಿ ಹಾಕಿದ್ದೀರಿ, ಆದರೆ ಕರೆಂಟು ಹೋದರೆ ಗಾಣ ನಿಲ್ಲುತ್ತದೆ ಎಂದು ನೀವೇ ಪತ್ರದಲ್ಲಿ ಬರೆದಿದ್ದೀರಿ. ಆ ಫೋಟೊ ತೆಗೆಯಿರಿ. ಮೋಟಾರು ಹಾಕಿದ ಮರದ ಗಾಣದಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ನಿಮ್ಮ ಎಣ್ಣೆ ಯಾವುದಕ್ಕೆ ಅಷ್ಟು ಹೊಂದುವುದಿಲ್ಲ ಎನ್ನುವುದನ್ನೂ ಒಂದು ಕಡೆ ಬರೆಯಿರಿ. ಒಗ್ಗರಣೆಗೆ, ಪಲ್ಯಕ್ಕೆ, ಚಟ್ನಿಪುಡಿಯ ಮೇಲೆ ಹಾಕಿಕೊಳ್ಳಲು ಗಾಣದ ಶೇಂಗಾ ಎಣ್ಣೆಗೆ ಸಮನಾದದ್ದಿಲ್ಲ, ನಮ್ಮ ಮನೆಯಲ್ಲೂ ಅದೇ. ಆದರೆ ದೊಡ್ಡ ಉರಿಯಲ್ಲಿ ಗಂಟೆಗಟ್ಟಲೆ ಕರಿಯುವಾಗ ಇದು ರಿಫೈಂಡ್‌ಗಿಂತ ಬೇಗ ಹೊಗೆಯಾಡುತ್ತದೆ, ಗಸಿ ಇದ್ದರೆ ನೊರೆಯೂ ಏಳುತ್ತದೆ. ಹಬ್ಬಕ್ಕೆ ಐದು ಲೀಟರ್ ಒಯ್ದು ಕಜ್ಜಾಯ ಕರಿಯಲು ಹೋಗಿ ಒಲೆಯ ಮುಂದೆ ನಿಮ್ಮನ್ನು ಬೈದುಕೊಳ್ಳುವ ಬದಲು, ಮೊದಲೇ ಓದಿ ತಿಳಿದುಕೊಂಡವರು ಮತ್ತೆ ನಿಮ್ಮಲ್ಲಿಗೇ ಬರುತ್ತಾರೆ.

ಒಂದೇ ವಾರದಲ್ಲಿ ಆರು ಬರೆದು ಆಮೇಲೆ ಮೂರು ತಿಂಗಳು ಸುಮ್ಮನಿದ್ದೀರಿ. ತಿಂಗಳಿಗೊಂದು ಬರೆದರೆ ಸಾಕು. ಅಂಗಡಿ ಎಲ್ಲಿದೆ, ಯಾವ ಹೊತ್ತಿಗೆ ತೆರೆದಿರುತ್ತದೆ ಎನ್ನುವುದು ಯಾವ ಬರಹದಲ್ಲೂ ಇಲ್ಲ, ಅದನ್ನು ಸೇರಿಸಿ.

ನನಗೆ ಮೊದಲು ಗಸಿಯ ಬಗ್ಗೆ ಒಂದು ಬರೆದು ಕಳಿಸಿ. ಐನೂರು ಪದ ಸಾಕು, ಆರೋಗ್ಯದ ಮಾತು ಬೇಡ. ಅಕ್ಟೋಬರ್‌ನಲ್ಲಿ ಹೊಸ ಶೇಂಗಾ ಬರುವ ಮುಂಚೆ ಕೈ ಸೇರಿದರೆ ಸುಗ್ಗಿಯ ಹೊತ್ತಿಗೆ ಪುಟದಲ್ಲಿ ಜಾಗ ಇಟ್ಟಿರುತ್ತೇನೆ. ಜೊತೆಗೆ ಬಾಟಲಿಗಳನ್ನು ಪಕ್ಕಕ್ಕೆ ಸರಿಸಿ ಆ ರಟ್ಟಿನ ಫೋಟೊ ಇನ್ನೊಮ್ಮೆ ತೆಗೆದು ಕಳಿಸಿ. ಮೂರನೆಯ ಸಾಲಿನಲ್ಲಿ ನಿಮ್ಮ ತಂದೆಯವರು, ಮೇಲಿನದು ಬಗ್ಗಿಸಿಕೊಂಡ ಮೇಲೆ ಉಳಿದ ಗಸಿಯನ್ನು ಏನು ಮಾಡಬೇಕು ಎಂದು ಬರೆದಿದ್ದಾರೋ, ಅದನ್ನು ಪೂರ್ತಿ ಓದಬೇಕು.