ಆಲ್ಬಿಯನ್‌ನಲ್ಲಿ ಮನೆ ಹಿಡಿಯುವ ಮೊದಲು

ಫೋರ್ಟ್ ಬ್ರ್ಯಾಗ್‌ನಲ್ಲಿ ಕೆಲಸ ಸಿಕ್ಕಿದೆ, ಆಲ್ಬಿಯನ್‌ನಲ್ಲಿ ಬಾಡಿಗೆ ಮನೆ ನೋಡಿದ್ದೇವೆ, ಆ ಊರಿಗೆ ನಗರಸಭೆಯೇ ಇಲ್ಲವಂತೆ, ಹಾಗಾದರೆ ನೀರು, ಪೊಲೀಸು ಎಲ್ಲ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದ್ದೀರಿ.

ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ನಗರಾಡಳಿತ ಇರುವ ಊರುಗಳು ನಾಲ್ಕೇ: ಯುಕಾಯ, ವಿಲಿಟ್ಸ್, ಫೋರ್ಟ್ ಬ್ರ್ಯಾಗ್, ಪಾಯಿಂಟ್ ಅರೀನಾ. ಆಲ್ಬಿಯನ್, ಎಲ್ಕ್, ಕ್ಯಾಸ್ಪರ್, ಅಷ್ಟೇಕೆ, ಕೌಂಟಿಯ ಹೆಸರನ್ನೇ ಹೊತ್ತ ಮೆಂಡೊಸಿನೊಗೂ ಮೇಯರ್ ಇಲ್ಲ. ನಮ್ಮ ಕಡೆ ಸಣ್ಣ ಹಳ್ಳಿಯೂ ಒಂದು ಗ್ರಾಮ ಪಂಚಾಯಿತಿಗೆ ಸೇರಿರುತ್ತದೆ. ಇಲ್ಲಿ ಅದೂ ಇಲ್ಲ. ಐದು ಸದಸ್ಯರ ಕೌಂಟಿ ಮಂಡಳಿ ಯುಕಾಯದಲ್ಲಿ ಕೂರುತ್ತದೆ. ಪೊಲೀಸರ ಬದಲು ಕೌಂಟಿಯ ಶೆರಿಫ್. ಬೆಂಕಿ ಬಿದ್ದರೆ ಮೊದಲು ಓಡಿಬರುವವರು ಊರಿನ ಸ್ವಯಂಸೇವಕರು. ಅವರಿಗೆ ಕತ್ತಲಲ್ಲೂ ಕಾಣುವ ಹಾಗೆ ಮನೆಯ ನಂಬರನ್ನು ರಸ್ತೆಬದಿಯಲ್ಲೇ ಹಾಕಿಸಿ.

ನೀರಿನ ವಿಷಯಕ್ಕೇ ಹೆಚ್ಚು ತಲೆ ಕೊಡಿ. ಹೆಚ್ಚಿನ ಮನೆಗಳಿಗೆ ಸ್ವಂತ ಬಾವಿಯೇ ಗತಿ. ಬಾವಿ ನಿಮಿಷಕ್ಕೆ ಎಷ್ಟು ಗ್ಯಾಲನ್ ಕೊಡುತ್ತದೆ ಎಂದು ಕೇಳುವಾಗ, ಯಾವ ತಿಂಗಳಲ್ಲಿ ಅಳೆದದ್ದು ಎಂದೂ ಕೇಳಿ. ಇಲ್ಲಿ ಮಳೆ ಚಳಿಗಾಲದ್ದು. ಏಪ್ರಿಲ್‌ನಲ್ಲಿ ಉಕ್ಕುವ ಬಾವಿ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ತಳ ಕಾಣಿಸಬಹುದು. 2021ರ ಬರದಲ್ಲಿ ಮೆಂಡೊಸಿನೊ ಊರಿನ ಎಷ್ಟೋ ಬಾವಿಗಳು ಬತ್ತಿ, ಟ್ಯಾಂಕರ್ ನೀರು ತರಿಸಬೇಕಾಯಿತು. 2,500 ಗ್ಯಾಲನ್ನಿನ (ಸುಮಾರು 9,500 ಲೀಟರ್) ಟ್ಯಾಂಕ್ ಇದ್ದರೆ ಧೈರ್ಯ. ಬ್ಯಾಕ್ಟೀರಿಯಾ ಮತ್ತು ನೈಟ್ರೇಟ್ ಪರೀಕ್ಷೆ ವರ್ಷಕ್ಕೊಮ್ಮೆ ಆಗಲೇಬೇಕು.

ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ಅದರ ಜೊತೆಗೆ ನಲ್ಲಿಯೂ. ಚಳಿಗಾಲದ ಗಾಳಿಗೆ ಮರಗಳು ತಂತಿಯ ಮೇಲೆ ಬೀಳುವುದು ಇಲ್ಲಿ ಮಾಮೂಲು. ಆಳದ ಬಾವಿಯ ಪಂಪ್ ಸಾಮಾನ್ಯವಾಗಿ 240 ವೋಲ್ಟಿನದು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ 120 ವೋಲ್ಟಿನ ಚಿಕ್ಕ ಜನರೇಟರ್ ಅದನ್ನು ಎತ್ತುವುದಿಲ್ಲ. ಜನರೇಟರನ್ನು ಮನೆಯಿಂದ ಕನಿಷ್ಠ 20 ಅಡಿ ದೂರ, ಬಯಲಿನಲ್ಲಿಡಿ. ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಗೋಡೆಯ ಸಾಕೆಟ್ಟಿಗೆ ಅದನ್ನು ಸಿಕ್ಕಿಸಲೇಬೇಡಿ. ಮನೆಯನ್ನು ಬೀದಿಯ ತಂತಿಯಿಂದ ಬೇರ್ಪಡಿಸುವ ಟ್ರಾನ್ಸ್‌ಫರ್ ಸ್ವಿಚ್ ಇಲ್ಲದಿದ್ದರೆ ಕರೆಂಟ್ ಬೀದಿಯ ತಂತಿಗೆ ಹಿಮ್ಮುಖವಾಗಿ ಹರಿದು, ರಿಪೇರಿಗೆ ಹತ್ತಿದವರಿಗೆ ಅಪಾಯ.

ಕೊಳಚೆ ನೀರು ಹಿತ್ತಲಿನ ಸೆಪ್ಟಿಕ್ ಟ್ಯಾಂಕಿಗೆ ಹೋಗುತ್ತದೆ. ಅದರ ಕೆಸರನ್ನು ಮೂರರಿಂದ ಐದು ವರ್ಷಕ್ಕೊಮ್ಮೆ ತೆಗೆಸಬೇಕು. ಪೂರಿ ಕರಿದ ಎಣ್ಣೆ, ಒಗ್ಗರಣೆಯ ಜಿಡ್ಡು, ಒದ್ದೆ ವೈಪ್ಸ್ ಇವು ಯಾವುವೂ ಒಳಗೆ ಹೋಗಬಾರದು: ಜಿಡ್ಡು ತೇಲಿಕೊಂಡು ಹೋಗಿ, ಟ್ಯಾಂಕಿನ ನೀರನ್ನು ನೆಲಕ್ಕೆ ಇಂಗಿಸುವ ಕೊಳವೆಗಳ ರಂಧ್ರ ಮುಚ್ಚಿದರೆ, ಆ ಕೊಳವೆಗಳಿರುವ ಇಂಗುನೆಲವನ್ನು ಹೊಸದಾಗಿ ಮಾಡಿಸಲು ಸಾವಿರಾರು ಡಾಲರ್. ಇಂಗುನೆಲದ ಮೇಲೆ ಕಾರು ನಿಲ್ಲಿಸಬೇಡಿ. ಜನವರಿಯ ಮಳೆಗೆ ನೆಲ ತೊಯ್ದು ನಿಂತಾಗ ಬಟ್ಟೆಗಳನ್ನೆಲ್ಲ ಒಂದೇ ದಿನ ಮೆಷಿನ್ನಿಗೆ ಹಾಕದೆ ಹಂಚಿಕೊಳ್ಳಿ.

ಒಲೆಗೆ ಪ್ರೊಪೇನ್ ಗ್ಯಾಸ್. ಟ್ಯಾಂಕನ್ನು ಶೇ. 80ಕ್ಕಿಂತ ಹೆಚ್ಚು ತುಂಬುವುದಿಲ್ಲ, ಅಂದರೆ 250 ಗ್ಯಾಲನ್ ಟ್ಯಾಂಕಿಗೆ 200 ಗ್ಯಾಲನ್. ಮೀಟರ್ ಶೇ. 30ಕ್ಕೆ ಇಳಿದಾಗಲೇ ಗ್ಯಾಸ್ ತುಂಬುವವರಿಗೆ ಫೋನ್ ಮಾಡಿ. ಪೂರ್ತಿ ಖಾಲಿಯಾದರೆ ಸೋರಿಕೆ ಪರೀಕ್ಷೆ ಮಾಡಿಸಿಯೇ ಮತ್ತೆ ಹಚ್ಚಬೇಕು. ಅಂದಹಾಗೆ, ಬೇಸಿಗೆಯಲ್ಲೂ ಕರಾವಳಿ ಮಂಜಿನಿಂದ ತಣ್ಣಗಿರುತ್ತದೆ. ಇಡ್ಲಿ ಹಿಟ್ಟನ್ನು ಓವನ್ ಒಳಗಿಟ್ಟು, ಓವನ್ನಿನ ಬಲ್ಬ್ ಮಾತ್ರ ಹಾಕಿಟ್ಟರೆ ಹುದುಗುತ್ತದೆ.

ಆಲ್ಬಿಯನ್‌ನಿಂದ ಫೋರ್ಟ್ ಬ್ರ್ಯಾಗ್‌ಗೆ ಸುಮಾರು 17 ಮೈಲಿ, ಹೆದ್ದಾರಿ 1ರ ತಿರುವುಗಳಲ್ಲಿ. ಮನೆ ಆಲ್ಬಿಯನ್ ನದಿಯ ಯಾವ ದಡದಲ್ಲಿದೆ ಎಂದು ಕೇಳಿಕೊಳ್ಳಿ: ಅಲ್ಲಿನ 1944ರ ಮರದ ಸೇತುವೆ ಮುಚ್ಚಿದರೆ ದಕ್ಷಿಣ ದಡದವರಿಗೆ ಸುತ್ತು ಬಹಳ. ಒಳನಾಡಿಗೆ ಹೋಗುವ ಹೆದ್ದಾರಿ 128 ನವಾರೊ ನದಿ ಏರಿದಾಗ ಮುಳುಗುತ್ತದೆ. ನದೀಮುಖದಲ್ಲಿ ಮರಳುದಿಬ್ಬ ಕಟ್ಟಿಕೊಂಡಿದ್ದರೆ ದೊಡ್ಡ ಮಳೆಯೂ ಬೇಕಿಲ್ಲ. ಆಗ ಫೋರ್ಟ್ ಬ್ರ್ಯಾಗ್‌ನಿಂದ ವಿಲಿಟ್ಸ್‌ಗೆ ಹೋಗುವ ಹೆದ್ದಾರಿ 20 ಹಿಡಿಯಿರಿ.

ಕರಾರಿಗೆ ಸಹಿ ಹಾಕುವ ಮೊದಲು ಬಾವಿಯ ವರದಿ, ನೀರಿನ ಪರೀಕ್ಷೆ, ಸೆಪ್ಟಿಕ್ ಕೊನೆಯ ಸಲ ತೆಗೆಸಿದ ರಸೀದಿ ಕೇಳಿ. ಮಾಲೀಕರು ಕೊಡಲು ಹಿಂದೆಮುಂದೆ ನೋಡಿದರೆ ಆ ಮನೆ ಬೇಡ.